ಟ್ಯಾಂಕಿನ ಒಳಗೋಡೆ ನೋಡಿದವರು ಯಾರು?

ಪೆಟ್ರೋಲ್ ಬಂಕಿನಲ್ಲಿ ಅಳತೆಯ ಬಗ್ಗೆ ಅನುಮಾನ ಬಂದವರು ಮುದ್ರೆ ಬಿದ್ದ ಐದು ಲೀಟರಿನ ಅಳತೆಪಾತ್ರೆಯನ್ನು ಕೇಳಿ ಪಡೆಯಬಹುದು. ಐದು ಲೀಟರಿಗೆ 25 ಮಿಲಿಲೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಪಂಪಿನಲ್ಲಿ ಮಾರಾಟ ನಿಲ್ಲಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಪಂಪಿಗೆ ಮುದ್ರೆ ಹಾಕುತ್ತಾರೆ. ಕಲಬೆರಕೆಯ ಗುಮಾನಿ ಇದ್ದರೆ ಫಿಲ್ಟರ್ ಪೇಪರ್ ಕೇಳಬಹುದು, ಡೆನ್ಸಿಟಿ ನೋಡಬಹುದು. ಈ ಎಚ್ಚರವೆಲ್ಲ ನಾಜಲ್‌ನ ತುದಿಯಲ್ಲಿ ನಿಂತುಬಿಡುತ್ತದೆ. ಅದರ ಹಿಂದೆ, ಕಾಂಕ್ರೀಟಿನ ಕೆಳಗೆ ಮಲಗಿರುವ ಉಕ್ಕಿನ ಟ್ಯಾಂಕಿನ ಒಳಗೋಡೆ ಯಾವ ಸ್ಥಿತಿಯಲ್ಲಿದೆ, ಅದನ್ನು ಕೊನೆಯ ಸಲ ಯಾರು ನೋಡಿದರು, ಹೇಗೆ ನೋಡಿದರು ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ. ಗ್ರಾಹಕ ಕೇಳುವುದಿಲ್ಲ. ಬಂಕಿನ ಬೆನ್ನಿಗೇ ಮನೆ ಕಟ್ಟಿಕೊಂಡವರೂ ಕೇಳುವುದಿಲ್ಲ.

ಬೆಂಗಳೂರಿನ ಹೆಗ್ಗನಹಳ್ಳಿಯಂಥ ಕಡೆ ಕೇಳಲೇಬೇಕಾದ ಪ್ರಶ್ನೆ ಇದು. ಪೀಣ್ಯ ಕೈಗಾರಿಕಾ ಪ್ರದೇಶದ ಅಂಚು, ಸುಂಕದಕಟ್ಟೆ, ರಾಜಗೋಪಾಲನಗರ, ಲಗ್ಗೆರೆ ಎಲ್ಲವೂ ಒಂದಕ್ಕೊಂದು ತಗುಲಿಕೊಂಡೇ ಬೆಳೆದವು. ಕೆಳಗೆ ಲೇತ್ ಅಥವಾ ಪೌಡರ್ ಕೋಟಿಂಗ್ ಶೆಡ್ಡು, ಮೇಲೆ ಬಾಡಿಗೆ ಮನೆ, ಬಾಗಿಲ ಮುಂದೆ ಸಂಪು, ಮಗ್ಗುಲಲ್ಲಿ ಬೋರ್‌ವೆಲ್. ಮುಖ್ಯರಸ್ತೆಗೆ ಬಂದರೆ ಬಂಕು. ಕಾವೇರಿ ನಲ್ಲಿ ಬಂದ ಬೀದಿಗಳಲ್ಲೂ ಬೋರ್‌ವೆಲ್ ನೀರನ್ನು, ಟ್ಯಾಂಕರ್ ನೀರನ್ನು ಜನ ಕೈಬಿಟ್ಟಿಲ್ಲ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು. ಉಳಿದ ನೀರಿನ ಬೆಲೆ ಎಷ್ಟೆಂದು ಆ ಬೇಸಿಗೆಯಲ್ಲಿ ಕೊಡ ಹಿಡಿದು ನಿಂತವರಿಗೆಲ್ಲ ಗೊತ್ತಾಯಿತು.

ನೆಲದೊಳಕ್ಕೆ ಇಳಿದ ವಿಷ ಹೇಗೆ ಉಳಿದುಬಿಡುತ್ತದೆ ಎಂಬುದನ್ನು ಈ ಭಾಗ ಈಗಾಗಲೇ ಒಮ್ಮೆ ಕಂಡಿದೆ. ಪೀಣ್ಯದ ಲೇಪನ ಘಟಕಗಳ ತ್ಯಾಜ್ಯದಿಂದ ಅಂತರ್ಜಲಕ್ಕೆ ಸೇರಿದ ಕ್ರೋಮಿಯಂ ಸರ್ಕಾರಿ ಅಧ್ಯಯನಗಳಲ್ಲೇ ದಾಖಲಾಗಿದೆ. ಕ್ರೋಮಿಯಂ ಹೆಚ್ಚಾದ ನೀರು ಹಳದಿಗೆ ತಿರುಗಿ ತಾನಾಗಿ ಸುಳಿವು ಕೊಡುತ್ತದೆ. ಪೆಟ್ರೋಲಿನಲ್ಲಿರುವ ಬೆಂಜೀನ್ ನೀರಿನಲ್ಲಿ ಕರಗಿದರೆ ಬಣ್ಣ ಬರುವುದಿಲ್ಲ. ಅದು ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಮ್ಮ ಬಿಎಸ್-6 ಮಾನದಂಡದ ಪೆಟ್ರೋಲಿನಲ್ಲಿ ಪರಿಮಾಣದ ಲೆಕ್ಕದಲ್ಲಿ ನೂರಕ್ಕೆ ಒಂದು ಪಾಲಿನವರೆಗೆ ಬೆಂಜೀನ್ ಇರಬಹುದು. ಒಂದಿಷ್ಟು ಲೀಟರ್ ಪೆಟ್ರೋಲ್ ಎಷ್ಟು ನೀರನ್ನು ಕುಡಿಯಲು ಬಾರದಂತೆ ಮಾಡೀತು ಎಂಬುದನ್ನು ಈ ಎರಡು ಸಂಖ್ಯೆಗಳೇ ಹೇಳುತ್ತವೆ.

ನಮ್ಮ ಊರಿಗೆ ಇಂಧನ ಬರುವ ದಾರಿ ದೊಡ್ಡದು. ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ಶುದ್ಧಗೊಂಡ ತೈಲ ಹಾಸನದ ಮೂಲಕ ಸುಮಾರು 362 ಕಿಲೋಮೀಟರ್ ಕೊಳವೆಮಾರ್ಗದಲ್ಲಿ ಹರಿದು ಹೊಸಕೋಟೆ ಬಳಿಯ ದೇವನಗೊಂದಿಗೆ ಬರುತ್ತದೆ. ಅಲ್ಲಿಂದ ಟ್ಯಾಂಕರ್ ಲಾರಿಗಳು ಊರು ದಾಟಿ ಪಶ್ಚಿಮಕ್ಕೆ ಬಂದು ಲೋಡ್ ಇಳಿಸುತ್ತವೆ. ಕೊಳವೆಮಾರ್ಗದ ಮೇಲೆ ನಿಗಾ ಇದೆ, ಲಾರಿಗೆ ಬೀಗ ಇದೆ. ಇಷ್ಟು ಕಾವಲಿನಲ್ಲಿ ಬಂದದ್ದು ಕೊನೆಗೆ ಇಳಿಯುವುದು ಯಾರ ಕಣ್ಣಿಗೂ ಬೀಳದ ಜಾಗಕ್ಕೆ.

ಅಲ್ಲಿರುವುದೇನು? ಬಂಕುಗಳಲ್ಲಿ ಸಾಮಾನ್ಯವಾಗಿ ಕಾಣುವ 20 ಕಿಲೋಲೀಟರಿನ ಟ್ಯಾಂಕನ್ನೇ ತೆಗೆದುಕೊಳ್ಳಿ. ಎರಡು ಮೀಟರ್ ಅಡ್ಡಳತೆ, ಆರೂವರೆ ಮೀಟರಿನಷ್ಟು ಉದ್ದದ ಉಕ್ಕಿನ ಕೊಳಗವನ್ನು ಅಡ್ಡ ಮಲಗಿಸಿ ಹೂತಿರುತ್ತಾರೆ. ಮೇಲ್ಭಾಗದಲ್ಲಿ ಮ್ಯಾನ್‌ಹೋಲ್, ಲೋಡ್ ಇಳಿಸುವ ಫಿಲ್ ಪೈಪ್, ಡಿಪ್ ರಾಡ್ ಇಳಿಸುವ ಪೈಪ್, ಆವಿ ಹೋಗಲು ವೆಂಟ್ ಪೈಪ್ ಇರುತ್ತವೆ. ದಿನವೂ ಡಿಪ್ ಹಾಕುತ್ತಾರೆ, ರಾಡಿನ ತುದಿಗೆ ವಾಟರ್ ಪೇಸ್ಟ್ ಹಚ್ಚಿ ತಳದಲ್ಲಿ ನೀರಿದೆಯೇ ನೋಡುತ್ತಾರೆ, ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಈಗ ಹಲವು ಬಂಕುಗಳಲ್ಲಿ ತಾನಾಗಿ ಮಟ್ಟ ಅಳೆಯುವ ಗೇಜ್ ಕೂಡ ಇದೆ. ಇದು ಒಳ್ಳೆಯ ಶಿಸ್ತು, ಇದನ್ನು ನಿಷ್ಠೆಯಿಂದ ಮಾಡುವ ಡೀಲರುಗಳು ಬಹಳ ಮಂದಿ ಇದ್ದಾರೆ. ಆದರೆ ಇದರಿಂದ ತಿಳಿಯುವುದು ಒಳಗೆ ಎಷ್ಟಿದೆ ಎಂಬುದು. ಟ್ಯಾಂಕು ಹೇಗಿದೆ ಎಂಬುದು ತಿಳಿಯುವುದಿಲ್ಲ.

ಎಷ್ಟಿದೆ ಎಂಬ ಲೆಕ್ಕ ಕೂಡ ನಾವಂದುಕೊಂಡಷ್ಟು ಸೂಕ್ಷ್ಮವಲ್ಲ. ಮೇಲೆ ಹೇಳಿದ ಅಳತೆಯ ಟ್ಯಾಂಕು ಅರ್ಧ ತುಂಬಿರುವಾಗ ಡಿಪ್ ರಾಡಿನ ಒಂದು ಸೆಂಟಿಮೀಟರ್ ಎಂದರೆ ಸುಮಾರು 130 ಲೀಟರ್. ರಾಡಿನಲ್ಲಿ ಎರಡು ಮಿಲಿಮೀಟರ್ ಓದುವುದು ತಪ್ಪಿದರೆ 26 ಲೀಟರ್ ಆಚೀಚೆ ಆಗುತ್ತದೆ. ಇದರ ಮೇಲೆ ಬಿಸಿಲು ನೆರಳಿನ ಆಟ ಬೇರೆ. 10,000 ಲೀಟರ್ ಪೆಟ್ರೋಲ್ ಒಂದು ಡಿಗ್ರಿ ತಣ್ಣಗಾದರೆ ಹತ್ತು ಹನ್ನೆರಡು ಲೀಟರ್ ಕುಗ್ಗುತ್ತದೆ. ಆವಿಯಾಗಿ ಹೋದದ್ದೆಂದು ಒಂದು ಪಾಲನ್ನು ಲೆಕ್ಕದಲ್ಲೇ ಬಿಟ್ಟುಕೊಡುವ ಪದ್ಧತಿಯೂ ಇದೆ. ಈಗ ಸೋರಿಕೆಯ ಕಡೆ ನೋಡೋಣ. ಅಮೆರಿಕದ ನಿಯಮದಲ್ಲಿ ಟ್ಯಾಂಕಿನ ಬಿಗಿ ಪರೀಕ್ಷೆ ಪತ್ತೆಹಚ್ಚಬೇಕಾದ ಸೋರಿಕೆ ಗಂಟೆಗೆ 0.1 ಗ್ಯಾಲನ್, ಅಂದರೆ ಸುಮಾರು 380 ಮಿಲಿಲೀಟರ್. ದಿನಕ್ಕೆ ಒಂಬತ್ತು ಲೀಟರ್, ವರ್ಷಕ್ಕೆ 3,300 ಲೀಟರ್. ದಿನದ ಡಿಪ್ ಲೆಕ್ಕದಲ್ಲಿ ಆ ಒಂಬತ್ತು ಲೀಟರ್ ಕಾಣಿಸಿಕೊಳ್ಳುವ ದಾರಿಯೇ ಇಲ್ಲ. ರಿಜಿಸ್ಟರ್ ಸರಿಯಾಗಿಯೇ ಇರುತ್ತದೆ, ನೆಲದೊಳಗೆ ಪೆಟ್ರೋಲ್ ಇಳಿಯುತ್ತಲೇ ಇರುತ್ತದೆ.

ಹಾಗಾಗಿ ಒಳಗೆ ಇಣುಕಿ ನೋಡುವ ಕೆಲಸಕ್ಕೆ ಬೇರೆ ಯಾವುದೂ ಬದಲಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಮೈಗೆ ಬಳಿದ ಲೇಪನ ಮಣ್ಣಿನಿಂದ ಕಾಪಾಡುತ್ತದೆ, ಒಳಗಿನ ನೀರಿನಿಂದ ಕಾಪಾಡುವುದಿಲ್ಲ. ನೀರು ಹೇಗೋ ಒಳಸೇರುತ್ತದೆ. ಮಳೆಗಾಲದಲ್ಲಿ ಫಿಲ್ ಪೈಪಿನ ಮುಚ್ಚಳದ ಸಂದಿನಿಂದ, ವೆಂಟ್ ಪೈಪಿನಿಂದ ಬರುವ ತೇವದ ಗಾಳಿ ತಣಿದು ಹನಿಯಾಗುವುದರಿಂದ, ಒಮ್ಮೊಮ್ಮೆ ಲೋಡಿನ ಜೊತೆಗೇ. ಪೆಟ್ರೋಲಿಗಿಂತ, ಡೀಸೆಲ್ಲಿಗಿಂತ ನೀರು ತೂಕದ್ದಾದ್ದರಿಂದ ತಳಕ್ಕೆ ಹೋಗಿ ಕೂರುತ್ತದೆ. ಅಲ್ಲಿ ತುಕ್ಕು, ಧೂಳು, ಸೂಕ್ಷ್ಮಜೀವಿಗಳ ಲೋಳೆ ಸೇರಿ ಗಸಿ ಕಟ್ಟುತ್ತದೆ. ಉಕ್ಕು ಇಡೀ ಮೈ ತೆಳ್ಳಗಾಗುತ್ತ ಹೋಗುವುದು ಅಪರೂಪ. ಒಂದೇ ಕಡೆ ಗುಳಿ ಬಿದ್ದು, ಆ ಗುಳಿ ಆಳವಾಗುತ್ತ ಹೋಗಿ ಒಂದು ದಿನ ತೂತಾಗುತ್ತದೆ. ಗುಳಿ ಬೀಳುವ ಜಾಗಗಳೂ ಗೊತ್ತಿರುವವೇ. ಡಿಪ್ ರಾಡಿನ ತುದಿ ದಿನವೂ ಬಂದು ಬಡಿಯುವ ಜಾಗ, ಫಿಲ್ ಪೈಪಿನ ನೇರ ಕೆಳಗೆ, ಟ್ಯಾಂಕು ವಾಲಿರುವ ತುದಿ, ಬೆಸುಗೆಯ ಗೆರೆಗಳು. ನೋಡಲು ಬಲ್ಲ ಕಣ್ಣಿಗೆ ಅರ್ಧ ಗಂಟೆಯಲ್ಲಿ ಇವಿಷ್ಟೂ ಸಿಗುತ್ತವೆ.

ಕಳೆದ ಕೆಲವು ವರ್ಷಗಳಲ್ಲಿ ಈ ಟ್ಯಾಂಕುಗಳ ಒಳಗಿನ ರಸಾಯನವೇ ಬದಲಾಗಿದೆ. ಇದನ್ನು ಸ್ವಲ್ಪ ನಿಂತು ನೋಡಬೇಕು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟರು. ಹನ್ನೊಂದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಿಂದ ಶುರುವಾದದ್ದು ಈಗ ದೇಶವನ್ನೆಲ್ಲ ಮುಟ್ಟಿದೆ. ಕಬ್ಬು ಬೆಳೆಯುವ ನಮ್ಮ ರಾಜ್ಯಕ್ಕೆ ಇದರಿಂದ ಲಾಭವಿದೆ, ಅದನ್ನು ಇಲ್ಲಿ ಚರ್ಚಿಸುತ್ತಿಲ್ಲ. ಟ್ಯಾಂಕಿನ ಮಟ್ಟಿಗೆ ಹೇಳುವುದಾದರೆ ಎಥನಾಲ್ ನೀರನ್ನು ಎಳೆದುಕೊಳ್ಳುವ ವಸ್ತು. ಹಳೆಯ ಪೆಟ್ರೋಲಿನಲ್ಲಿ ನೀರು ಬೇರೆಯಾಗಿ ತಳದಲ್ಲಿ ಉಳಿಯುತ್ತಿತ್ತು, ಪೇಸ್ಟ್ ಬಣ್ಣ ಬದಲಿಸಿ ತೋರಿಸುತ್ತಿತ್ತು. ಎಥನಾಲ್ ಇರುವಾಗ ಒಂದು ಮಿತಿಯವರೆಗೆ ನೀರು ಇಂಧನದಲ್ಲೇ ಕರಗಿರುತ್ತದೆ. ಮಿತಿ ಮೀರಿದೊಡನೆ ಎಥನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಆ ತಳದ ದ್ರವ ಉಕ್ಕಿಗೆ ಬರಿ ನೀರಿಗಿಂತ ಕೆಟ್ಟದ್ದು. ಜೊತೆಗೆ ಎಥನಾಲ್ ಗೋಡೆಗಂಟಿದ ಹಳೆಯ ಕೊಳೆಯನ್ನು ಕಿತ್ತು ಇಂಧನಕ್ಕೆ ಸೇರಿಸುತ್ತದೆ. ಮಳೆಗಾಲದಲ್ಲಿ ಬಂಕಿನಿಂದ ಹೊರಟ ಸ್ಕೂಟರು ಮುಂದಿನ ಸಿಗ್ನಲ್ಲಿನಲ್ಲಿ ನಿಂತುಹೋಗಿ ಜಗಳವಾಗುವ ಪ್ರಕರಣಗಳ ಹಿಂದೆ ಬಹಳ ಸಲ ಇರುವುದು ಟ್ಯಾಂಕಿನ ತಳ.

ಡೀಸೆಲ್ಲಿನ ಕತೆ ಇನ್ನೂ ಆಶ್ಚರ್ಯದ್ದು. 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಬಿಎಸ್-6 ಜಾರಿಗೆ ಬಂದು ಗಂಧಕದ ಪ್ರಮಾಣ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಗಾಳಿಗೆ ಒಳ್ಳೆಯದಾಯಿತು. ಇದೇ ಬಗೆಯ ಬದಲಾವಣೆ ಅಮೆರಿಕದಲ್ಲಿ ಮೊದಲೇ ಆಗಿತ್ತು. ಅದಾದ ಕೆಲವೇ ವರ್ಷಕ್ಕೆ ಅಲ್ಲಿನ ಡೀಸೆಲ್ ಟ್ಯಾಂಕುಗಳಲ್ಲಿ ಹಿಂದೆಂದೂ ಕಾಣದ ತುಕ್ಕು ಕಾಣಿಸತೊಡಗಿತು. 2012ರಲ್ಲಿ ಬ್ಯಾಟೆಲ್ ಸಂಸ್ಥೆ ನಡೆಸಿದ ಅಧ್ಯಯನ, ಎಥನಾಲನ್ನು ತಿಂದು ಅಸಿಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳತ್ತ ಬೆರಳು ತೋರಿಸಿತು. ಒಂದೇ ಲಾರಿಯಲ್ಲಿ ಪೆಟ್ರೋಲೂ ಡೀಸೆಲೂ ಓಡಾಡುವಾಗ ಉಳಿದ ಚೂರು ಎಥನಾಲ್ ಅವಕ್ಕೆ ಸಾಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 42 ಡೀಸೆಲ್ ಟ್ಯಾಂಕುಗಳ ಒಳಗೆ ಕ್ಯಾಮೆರಾ ಇಳಿಸಿ ನೋಡಿ 2016ರಲ್ಲಿ ವರದಿ ಪ್ರಕಟಿಸಿತು. ಅವುಗಳಲ್ಲಿ 35ರಲ್ಲಿ, ಅಂದರೆ ನೂರಕ್ಕೆ 83ರಲ್ಲಿ, ಮಧ್ಯಮದಿಂದ ತೀವ್ರ ಮಟ್ಟದ ತುಕ್ಕು ಇತ್ತು. ಕ್ಯಾಮೆರಾ ಇಳಿಯುವ ಮುಂಚೆ ತಮ್ಮ ಟ್ಯಾಂಕಿನಲ್ಲಿ ತುಕ್ಕಿದೆ ಎಂದು ತಿಳಿದಿದ್ದ ಮಾಲೀಕರು ಕಾಲು ಭಾಗಕ್ಕಿಂತ ಕಡಿಮೆ. ಫೈಬರ್ ಗ್ಲಾಸಿನ ಟ್ಯಾಂಕುಗಳೂ ಇದಕ್ಕೆ ಹೊರತಾಗಿರಲಿಲ್ಲ, ಅವುಗಳೊಳಗಿನ ಲೋಹದ ಭಾಗಗಳಿಗೆ ತುಕ್ಕು ಹಿಡಿದಿತ್ತು. ನಾವು ಅದೇ ಎರಡು ಹೆಜ್ಜೆಗಳನ್ನು, ಕಡಿಮೆ ಗಂಧಕ ಮತ್ತು ಹೆಚ್ಚು ಎಥನಾಲ್, ಕೆಲವೇ ವರ್ಷಗಳ ಅಂತರದಲ್ಲಿ ಇಟ್ಟಿದ್ದೇವೆ. ಹೆಗ್ಗನಹಳ್ಳಿಯ ಸುತ್ತಲಿನ ಟ್ಯಾಂಕುಗಳಲ್ಲಿ ಏನಾಗಿದೆ ಎಂದು ತಿಳಿಯಲು ಅಂಥದೇ ಒಂದು ಸಮೀಕ್ಷೆ ಬೇಕು.

ನೋಡುವುದು ಹೇಗೆ? ಹಳೆಯ ಕ್ರಮ, ಮನುಷ್ಯನನ್ನು ಇಳಿಸುವುದು. ಈ ಕೆಲಸದ ಅಪಾಯವನ್ನು ಎಷ್ಟು ಹೇಳಿದರೂ ಕಡಿಮೆ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ 1.4ರಿಂದ 7.6ರವರೆಗೆ ಇದ್ದರೆ ಒಂದು ಕಿಡಿ ಸಾಕು. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ಮ್ಯಾನ್‌ಹೋಲ್ ತೆರೆದಿಟ್ಟ ಮಾತ್ರಕ್ಕೆ ಹೊರಹೋಗುವುದಿಲ್ಲ, ತಳದಲ್ಲೇ ಉಳಿಯುತ್ತದೆ. ಖಾಲಿ ಮಾಡಿ ಮುಚ್ಚಿಟ್ಟ ಟ್ಯಾಂಕಿನಲ್ಲಿ ತುಕ್ಕು ಹಿಡಿಯುತ್ತ ಹಿಡಿಯುತ್ತ ಒಳಗಿನ ಆಮ್ಲಜನಕವೇ ಕಡಿಮೆಯಾಗಿರುತ್ತದೆ. ಗಸಿಯನ್ನು ಕೆದಕಿದಾಗ ಅದರಲ್ಲಿ ಸಿಕ್ಕಿಕೊಂಡಿದ್ದ ಆವಿ ಮತ್ತೆ ಏಳುತ್ತದೆ. ಬೆಳಿಗ್ಗೆ ಸುರಕ್ಷಿತವೆಂದು ಮೀಟರ್ ತೋರಿಸಿದ ಟ್ಯಾಂಕು ಮಧ್ಯಾಹ್ನಕ್ಕೆ ಕೊಲ್ಲಬಲ್ಲದು.

ಕೆಲಸ ಬಲ್ಲವರು ಮಾಡುವ ರೀತಿ ಬೇರೆ. ಇಂಧನವನ್ನೆಲ್ಲ ತೆಗೆದು, ಪೈಪುಗಳನ್ನು ಬಿಚ್ಚಿ ಕುರುಡು ಫ್ಲ್ಯಾಂಜ್ ಹಾಕಿ, ಅರ್ಥಿಂಗ್ ಮಾಡಿದ ಗಾಳಿಯಂತ್ರದಿಂದ ಆವಿ ಹೊರದೂಡಿ, ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಮೀಟರ್ ಇಳಿಸಿ ನೋಡುತ್ತಾರೆ. ಆಮ್ಲಜನಕ ನೂರಕ್ಕೆ 19.5ಕ್ಕಿಂತ ಕಡಿಮೆ ಇದ್ದರೆ ಯಾರೂ ಇಳಿಯುವಂತಿಲ್ಲ. ಇಳಿದವನ ಸೊಂಟಕ್ಕೆ ಬೆಲ್ಟು, ಅದಕ್ಕೆ ಹಗ್ಗ, ಹಗ್ಗದ ತುದಿ ಮೇಲಿರುವವನ ಕೈಯಲ್ಲಿ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮು ಈ ಬೆಲ್ಟು, ಹಗ್ಗ, ಲಿಖಿತ ಪ್ರಮಾಣಪತ್ರಗಳನ್ನು ಹೆಸರಿಸಿಯೇ ಹೇಳಿತ್ತು. ಅದರ ಜೊತೆಗಿನ 36ಎ, ಟ್ಯಾಂಕಿನೊಳಗೆ ಒಯ್ಯುವ ದೀಪ 24 ವೋಲ್ಟ್ ಮೀರಬಾರದು, ಉರಿಯುವ ಆವಿ ಇರುವ ಕಡೆ ಕಿಡಿಯಾಗದ ದೀಪವೇ ಬೇಕು ಎಂದಿತ್ತು. ಆ ಕಾನೂನು ಬಂದು ಎಪ್ಪತ್ತೈದು ವರ್ಷ ದಾಟಿದೆ. ಆದರೂ ಕಂತ್ರಾಟುದಾರನ ಕಡೆಯ ದಿನಗೂಲಿ ಹುಡುಗನಿಗೆ ಆ ಹಗ್ಗ ಸಿಗುತ್ತದೆಂಬ ಭರವಸೆ ಇಲ್ಲ.

ಮುಚ್ಚಿದ ಜಾಗದಲ್ಲಿ ಮನುಷ್ಯ ಸಾಯುವ ಬಗೆಯನ್ನು ಬೆಂಗಳೂರು ನೋಡಿದೆ. 2017ರ ಮಾರ್ಚಿನಲ್ಲಿ ಕಗ್ಗದಾಸಪುರದಲ್ಲಿ ಒಂದೇ ಒಳಚರಂಡಿ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. ಇಂಥ ಸಾವುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಯೊಂದಿದೆ. ಮೊದಲು ಬಿದ್ದವನನ್ನು ಎತ್ತಲು ಹೋದವನು ತಾನೂ ಬೀಳುತ್ತಾನೆ. ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳ ವಿಚಾರದಲ್ಲಿ 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಬಂತು, 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಪೆಟ್ರೋಲ್, ಡೀಸೆಲ್ ಟ್ಯಾಂಕಿಗೆ ಇಳಿಯುವವನು ಆ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಅವನ ಪರವಾಗಿ ಚಳವಳಿಯೂ ಇಲ್ಲ.

ಮನುಷ್ಯನನ್ನು ಇಳಿಸದೆ ನೋಡುವ ಸಾಧನಗಳು ಈಗ ಇವೆ. ಕಿಡಿಯಾಗದಂತೆ ಕಟ್ಟಿದ ಕ್ಯಾಮೆರಾವನ್ನು ಮೇಲಿನ ಪೈಪಿನಿಂದಲೇ ಇಳಿಸಿ ಒಳಗೋಡೆಯನ್ನು ಸುತ್ತ ಚಿತ್ರೀಕರಿಸಬಹುದು. ಚಿತ್ರ ಉಳಿಯುತ್ತದೆ, ಮುಂದಿನ ಸಲದ ಚಿತ್ರದೊಡನೆ ಹೋಲಿಸಬಹುದು. ಇದಕ್ಕೂ ಮಿತಿಯಿದೆ. ಗಸಿಯ ಅಡಿಯಲ್ಲಿ ಅಡಗಿದ ಗುಳಿ ಕ್ಯಾಮೆರಾಕ್ಕೆ ಕಾಣದು, ಉಕ್ಕು ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಅದು ಹೇಳಲಾರದು. ದಪ್ಪ ಅಳೆಯಲು ಅಲ್ಟ್ರಾಸಾನಿಕ್ ಸಾಧನ ಬೇಕು, ಅದಕ್ಕೆ ಗೋಡೆ ಸ್ವಚ್ಛವಿರಬೇಕು. ಒತ್ತಡ ಪರೀಕ್ಷೆ ಇವತ್ತು ತೂತಿದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ, ನಾಳೆ ತೂತಾಗಲಿರುವ ಗುಳಿಯ ಬಗ್ಗೆ ಮೌನ. ಹಾಗಾಗಿ ಮೊದಲು ಕ್ಯಾಮೆರಾ, ಅದು ಅನುಮಾನ ತೋರಿಸಿದ ಟ್ಯಾಂಕಿಗೆ ಮಾತ್ರ ಪೂರ್ಣ ಸ್ವಚ್ಛತೆ ಮತ್ತು ದಪ್ಪದ ಅಳತೆ ಎಂಬ ಕ್ರಮವೇ ನನಗೆ ಸರಿ ಕಾಣುವುದು. ಇದರಿಂದ ಒಳಗಿಳಿಯುವವರ ಸಂಖ್ಯೆಯೂ ತಗ್ಗುತ್ತದೆ.

ತೆಗೆದ ಗಸಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ತೈಲ ಟ್ಯಾಂಕು ತೊಳೆದ ಗಸಿಗೆ ಸ್ಥಾನವಿದೆ. ಅದನ್ನು ಚರಂಡಿಗೆ ಬಿಡುವುದು ಕಾನೂನುಬಾಹಿರ.

ಕಾನೂನು ಇಲ್ಲವೆಂದು ಯಾರೂ ಹೇಳಲಾರರು. 1934ರ ಪೆಟ್ರೋಲಿಯಂ ಕಾಯ್ದೆ, 2002ರ ನಿಯಮಗಳು, ಪರವಾನಗಿ ಕೊಡುವ ಪೆಸೊ ಸಂಸ್ಥೆ, ಅದರ ಕೇಂದ್ರ ಕಚೇರಿ ನಾಗಪುರದಲ್ಲಿ. 2020ರ ಜನವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಸ ಬಂಕುಗಳಿಗೆ ಮಾರ್ಗಸೂಚಿ ತಂದಿತು. ಶಾಲೆ, ಹತ್ತು ಅಥವಾ ಅದಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು, ತೀರಾ ಇಕ್ಕಟ್ಟಿದ್ದರೂ 30 ಮೀಟರಿಗೆ ಕಡಿಮೆ ಆಗಬಾರದು ಎಂದಿತು. ಆದರೆ ಅದು ಹೊಸತಕ್ಕೆ. ರಾಜಾಜಿನಗರ, ವಿಜಯನಗರ, ಮಾಗಡಿ ರಸ್ತೆಯ ಹಳೆಯ ಬಂಕುಗಳು ಅದಕ್ಕೂ ಮುಂಚಿನವು, ಅವುಗಳ ಗೋಡೆಗೆ ಮನೆಗಳು ಒರಗಿಕೊಂಡಾಗಿದೆ. ದೂರ ಕಾಯ್ದುಕೊಳ್ಳಲು ಆಗದ ಕಡೆ ಪರೀಕ್ಷೆಯಾದರೂ ಬಿಗಿಯಾಗಿರಬೇಕಲ್ಲವೇ?

ಕಾನೂನಿನ ಕಣ್ಣಿಗೇ ಬೀಳದ ಟ್ಯಾಂಕುಗಳೂ ಇವೆ. ಡೀಸೆಲ್ ಎರಡನೇ ವರ್ಗದ ಪೆಟ್ರೋಲಿಯಂ. ಒಂದೊಂದು ಪಾತ್ರೆ 1,000 ಲೀಟರ್ ಮೀರದೆ, ಒಟ್ಟು 2,500 ಲೀಟರಿನೊಳಗೆ ಇದ್ದರೆ ಪರವಾನಗಿ ಬೇಕಿಲ್ಲ. ಕಾರ್ಖಾನೆಗಳ ಜನರೇಟರ್ ಪಕ್ಕದಲ್ಲಿ 990 ಲೀಟರಿನ ಟ್ಯಾಂಕೇ ಕಾಣುವುದಕ್ಕೆ ಕಾರಣ ಈ ಗೆರೆ. ಅವುಗಳನ್ನು ತೊಳೆಯುವವರು ವರ್ಕ್‌ಶಾಪಿನ ಹುಡುಗರೇ. ಹಳೆಯದಾದ ಮೇಲೆ ಟ್ಯಾಂಕು ಗುಜರಿಗೆ ಹೋಗುತ್ತದೆ, ಅಲ್ಲಿ ಗ್ಯಾಸ್ ಕಟ್ಟರ್ ಹಿಡಿದವನಿಗೆ ಒಳಗೆ ಉಳಿದ ಆವಿಯ ಬಗ್ಗೆ ಹೇಳುವವರಿಲ್ಲ. ಕಟ್ಟರಿನ ಬಿಸಿಗೆ ತಳದ ಡೀಸೆಲ್ ಆವಿಯಾಗಿ ಸಿಡಿಯುತ್ತದೆ. ಸುಮನಹಳ್ಳಿ, ದೀಪಾಂಜಲಿನಗರದಂಥ ಬಿಎಂಟಿಸಿ ಡಿಪೋಗಳಲ್ಲೂ ಸ್ವಂತ ಡೀಸೆಲ್ ಬಂಕುಗಳಿವೆ. ಸಾರ್ವಜನಿಕ ಸಂಸ್ಥೆಯೊಂದು ಮೊದಲ ಹೆಜ್ಜೆ ಇಡುವುದಾದರೆ ಅಲ್ಲಿಂದಲೇ ಇಡಬಹುದು.

ಸೋರಿದ ಮೇಲೆ ಏನಾಗುತ್ತದೆ? ಮರಳು ನೆಲದಲ್ಲಾದರೆ ಪೆಟ್ರೋಲ್ ಅಂತರ್ಜಲದ ಮೇಲೆ ಪದರವಾಗಿ ತೇಲುತ್ತದೆ, ಬಾವಿ ತೋಡಿ ಮೇಲಿನಿಂದ ತೆಗೆಯಬಹುದು. ಬೆಂಗಳೂರಿನ ನೆಲ ಹಾಗಲ್ಲ. ಮೇಲೆ ಕೆಂಪುಮಣ್ಣು, ಅದರಡಿ ಶಿಥಿಲವಾದ ಕಲ್ಲು, ಆಮೇಲೆ ಬಿರುಕು ಬಿಟ್ಟ ಗಟ್ಟಿ ಶಿಲೆ. ಬಿರುಕು ಯಾವ ಕಡೆಗೆ ಹೋಗಿದೆಯೋ ಸೋರಿದ್ದೂ ಆ ಕಡೆಗೆ. ಪಕ್ಕದ ಬೋರ್‌ವೆಲ್ ಚೆನ್ನಾಗಿದ್ದು ಮೂರನೇ ಬೀದಿಯದು ಕೆಡಬಹುದು. 2013ರಲ್ಲಿ ಚೆನ್ನೈನ ತೊಂಡೈಯಾರ್‌ಪೇಟೆಯ ಮನೆಗಳ ಬಾವಿ, ಬೋರ್‌ವೆಲ್‌ಗಳಲ್ಲಿ ಪೆಟ್ರೋಲ್ ವಾಸನೆ ಬಂದಾಗ ಅದರ ಮೂಲ ತೈಲ ಕೊಳವೆಯ ಸೋರಿಕೆ ಎಂದು ತಿಳಿಯಿತು, ವಿಚಾರ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅಲ್ಲಿ ಸೋರಿಕೆಯನ್ನು ಮೊದಲು ಕಂಡವರು ನೀರು ಸೇದುತ್ತಿದ್ದ ಮನೆಯವರು.

ಡೀಲರುಗಳ ಕಷ್ಟವನ್ನು ಮರೆಯಬಾರದು. ಟ್ಯಾಂಕು ಖಾಲಿ ಮಾಡಿದರೆ ಆ ದಿನಗಳ ಮಾರಾಟ ಹೋಯಿತು. ಬಹುತೇಕ ಬಂಕುಗಳಲ್ಲಿ ಟ್ಯಾಂಕು, ಪಂಪು ತೈಲ ಕಂಪನಿಯ ಸ್ವತ್ತು, ಡೀಲರ್ ನಡೆಸುವವನು ಮಾತ್ರ. ಹಾಗಿದ್ದ ಮೇಲೆ ಪರೀಕ್ಷೆಯ ಖರ್ಚು ಕಂಪನಿಯದೇ ಆಗಬೇಕು. ಅಮೆರಿಕದಲ್ಲಿ 1988ರ ನಿಯಮಗಳು ಟ್ಯಾಂಕುಗಳನ್ನು ಮೇಲ್ದರ್ಜೆಗೇರಿಸಲು ಹತ್ತು ವರ್ಷ ಗಡುವು ಕೊಟ್ಟವು. ಒಳಗೆ ಲೇಪನ ಮಾಡಿಸಿ ಉಳಿಸಿಕೊಂಡ ಹಳೆಯ ಉಕ್ಕಿನ ಟ್ಯಾಂಕನ್ನು ಹತ್ತು ವರ್ಷದೊಳಗೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಒಳಗಿನಿಂದ ನೋಡಬೇಕೆಂದು ವಿಧಿಸಿದವು. ಅಲ್ಲಿ ಈ ಎಚ್ಚರ ಬಂದದ್ದು ಬಹಳಷ್ಟು ಸೋರಿಕೆಗಳಾದ ಮೇಲೆ. ನಾವು ಅಷ್ಟು ಕಾಯಬೇಕಿಲ್ಲ.

ಆಗಬೇಕಾದದ್ದು ಇಷ್ಟು. ಬಿಎಸ್-6 ಮತ್ತು ಇ20 ಬಂದ ಮೇಲೆ ಒಮ್ಮೆಯೂ ಒಳಗೆ ನೋಡದ ಉಕ್ಕಿನ ಟ್ಯಾಂಕುಗಳಿಗೆಲ್ಲ ಕ್ಯಾಮೆರಾ ಇಳಿಯಲಿ, ಹಳೆಯವು ಮತ್ತು ಬೋರ್‌ವೆಲ್‌ಗಳ ನಡುವೆ ಇರುವವು ಮೊದಲು. ಪರೀಕ್ಷೆ ಮಾಡಿದ ದಿನಾಂಕ, ಮಾಡಿದ ವಿಧಾನ, ಬಂದ ಫಲಿತಾಂಶ ಇವು ಬಂಕಿನ ಫಲಕದಲ್ಲಿ ಡೆನ್ಸಿಟಿಯ ಪಕ್ಕದಲ್ಲಿ ಕನ್ನಡದಲ್ಲಿ ಇರಲಿ. ಗ್ಯಾಸ್ ಮೀಟರ್, ಹಗ್ಗ, ಮೇಲೆ ನಿಂತ ಕಾವಲುಗಾರ ಇವಿಲ್ಲದೆ ಒಬ್ಬನನ್ನೂ ಇಳಿಸಕೂಡದು, ಇಳಿಸಿದವರ ಮೇಲೆ ಮೊಕದ್ದಮೆ ಆಗಲಿ. ಬಂಕು ಮುಚ್ಚಿದ ಜಾಗದಲ್ಲಿ ಕಟ್ಟಡಕ್ಕೆ ನಕ್ಷೆ ಮಂಜೂರು ಮಾಡುವ ಮುಂಚೆ ಟ್ಯಾಂಕು ತೆಗೆದ ದಾಖಲೆಯನ್ನೂ ಮಣ್ಣಿನ ಪರೀಕ್ಷೆಯನ್ನೂ ಪಾಲಿಕೆ ಕೇಳಲಿ.

ಹೆಗ್ಗನಹಳ್ಳಿ, ಸುಂಕದಕಟ್ಟೆ, ಲಗ್ಗೆರೆಯ ಓದುಗರಿಗೆ ಒಂದು ಮಾತು. ಬೋರ್‌ವೆಲ್ ನೀರಿನಲ್ಲಾಗಲಿ ಸಂಪಿನಲ್ಲಾಗಲಿ ಪೆಟ್ರೋಲ್, ಡೀಸೆಲ್ ವಾಸನೆ ಬಂದರೆ ಕುಡಿಯುವುದನ್ನೂ ಅಡುಗೆಗೆ ಬಳಸುವುದನ್ನೂ ಆ ಕ್ಷಣವೇ ನಿಲ್ಲಿಸಿ, ಸಂಪಿನ ಬಳಿ ಬೆಂಕಿ ಹಚ್ಚಬೇಡಿ, ಯಾರನ್ನೂ ಒಳಗಿಳಿಸಬೇಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಪೆಸೊ ಕಚೇರಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನೀರಿನ ಪರೀಕ್ಷೆ ಮಾಡಿಸುವಾಗ ಗಡಸು, ಫ್ಲೋರೈಡ್‌ಗಳ ಜೊತೆಗೆ ಖನಿಜ ತೈಲ ಮತ್ತು ಬೆಂಜೀನ್ ಕೂಡ ನೋಡಿ ಎಂದು ಬರೆದುಕೊಡಿ. ಕೇಳದಿದ್ದರೆ ಸಾಮಾನ್ಯ ಪರೀಕ್ಷೆಯಲ್ಲಿ ಅವನ್ನು ನೋಡುವುದಿಲ್ಲ.